ಮಂಡಿಪೇಟೆಯಲ್ಲಿ ಜಿಂಪ್ ಕಲಿತದ್ದು

ನಾವು ಮೊದಲ ಸಲ ಜಿಂಪ್‌ನಲ್ಲಿ ತಿದ್ದಿ ಕಳಿಸಿದ ಫೋಟೊ ಪತ್ರಿಕೆಯಲ್ಲಿ ಬರಲೇ ಇಲ್ಲ.

ಹರಿಹರದಲ್ಲಿ ತುಂಗಭದ್ರೆ ತುಂಬಿ ಹರಿಯುತ್ತಿದ್ದ ದಿನ ಅದು. ಸೇತುವೆ ಮೇಲೆ ನೆನೆಯುತ್ತಾ ನಿಂತು ಫೋಟೊ ತೆಗೆದೆವು. ಲ್ಯಾಪ್‌ಟಾಪ್‌ಗೆ ಹಾಕಿ, ಬೇಡದ್ದು ಕತ್ತರಿಸಿ, ಮಬ್ಬು ಸರಿಮಾಡಿ, ಕಂಟ್ರೋಲ್ ಎಸ್ ಒತ್ತಿ ಮೇಲ್ ಮಾಡಿ ಚಹಾ ಕುಡಿಯಲು ಹೋದೆವು. ಅರ್ಧ ಲೋಟ ಮುಗಿಯುವಷ್ಟರಲ್ಲಿ ಡೆಸ್ಕಿನಿಂದ ಫೋನ್: "ಏನ್ರೀ ಇದು, ಓಪನ್ನೇ ಆಗ್ತಿಲ್ಲ?" ನೋಡಿದರೆ ಫೈಲಿನ ಹೆಸರಿನ ಕೊನೆಗೆ ಜೆಪಿಜಿ ಇರಲಿಲ್ಲ, ಎಕ್ಸ್‌ಸಿಎಫ್ ಅಂತಿತ್ತು. ಅದೇನು ಅಂತ ನಮಗೇ ಗೊತ್ತಿಲ್ಲ. ಹುಡುಕುವಷ್ಟರಲ್ಲಿ ಪುಟ ಹೋಯಿತು. ಅಚ್ಚಾದರೆ ಮಾತ್ರ ದುಡ್ಡು ಬರುವ ಕೆಲಸ ನಮ್ಮದು.

ಜಿಂಪ್‌ಗೆ ಬಂದದ್ದೂ ಆಸೆಯಿಂದಲ್ಲ. ಅದಕ್ಕೆ ಮೊದಲು ಗೆಳೆಯನ ಪೆನ್‌ಡ್ರೈವ್‌ನಿಂದ ಕದ್ದ ಫೋಟೊಶಾಪ್ ಹಾಕಿಕೊಂಡಿದ್ದೆವು. ಅದರ ಜೊತೆ ವೈರಸ್ ಬಂದು ಎರಡು ವರ್ಷದ ಫೋಟೊಗಳು ಹೋದವು. ತಿಂಗಳಿಗಿಷ್ಟು ಅಂತ ಬಾಡಿಗೆ ಕಟ್ಟಿ ಅಸಲಿಯನ್ನು ಬಳಸುವ ಶಕ್ತಿ ಇಲ್ಲ. ಜಿಂಪ್ ಪೂರ್ತಿ ಪುಕ್ಕಟೆ, ಕದಿಯುವ ಪ್ರಶ್ನೆಯೇ ಇಲ್ಲ. 1995ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿದ್ದು. ನಮ್ಮನ್ನು ಬೈಸಿದ ಆ ಎಕ್ಸ್‌ಸಿಎಫ್ ಅವರ ಕಾಲೇಜಿನ ಕಂಪ್ಯೂಟರ್ ಕ್ಲಬ್ಬಿನ ಹೆಸರಂತೆ: ಎಕ್ಸ್‌ಪೆರಿಮೆಂಟಲ್ ಕಂಪ್ಯೂಟಿಂಗ್ ಫೆಸಿಲಿಟಿ.

ಸಾಫ್ಟ್‌ವೇರ್ ಪುಕ್ಕಟೆ ಸಿಕ್ಕಿತು, ಹೇಳಿಕೊಡುವವರು ಸಿಗಲಿಲ್ಲ. ಗೂಗಲ್‌ನಲ್ಲಿ 'ಫೋಟೊ ಸೇವ್ ಆಗ್ತಿಲ್ಲ' ಎಂದು ಹುಡುಕಿದರೆ ಸಾವಿರ ಉತ್ತರ, ಒಂದೂ ನಮ್ಮದಲ್ಲ. ಕೊನೆಗೆ ದಾವಣಗೆರೆ ಮಂಡಿಪೇಟೆಯ ಒಂದು ಡಿಟಿಪಿ ಅಂಗಡಿಗೆ ಹೋದೆವು. ಹೊರಗೆ ಮೂಟೆ ಇಳಿಸುವ ಹಮಾಲರು, ಲಗೇಜ್ ಆಟೊಗಳ ಹಾರ್ನ್. ಒಳಗೆ ಲಗ್ನಪತ್ರಿಕೆಗಳ ರಾಶಿ, ಅದರ ನಡುವೆ ಒಬ್ಬ ಹುಡುಗ. ಅವನು ಅಂಗಡಿಯಲ್ಲಿ ಬೇರೆ ಸಾಫ್ಟ್‌ವೇರ್ ಬಳಸಿದರೂ ಮನೆಯ ಹಳೇ ಕಂಪ್ಯೂಟರಿನಲ್ಲಿ ಜಿಂಪ್ ಇಟ್ಟುಕೊಂಡಿದ್ದ. ನಮ್ಮ ಕಥೆ ಕೇಳಿ ನಕ್ಕ.

"ಅಣ್ಣಾ, ಎಕ್ಸ್‌ಸಿಎಫ್ ಅಂದ್ರೆ ಅಡುಗೆಮನೆ. ಪಾತ್ರೆ, ಒಲೆ, ಒಗ್ಗರಣೆ ಎಲ್ಲಾ ಅಲ್ಲೇ ಇರುತ್ತೆ. ಊಟಕ್ಕೆ ಬಂದೋರಿಗೆ ತಟ್ಟೆಗೆ ಹಾಕಿ ಕೊಡ್ಬೇಕು. ನೀವು ಒಲೆ ಸಮೇತ ಕಳಿಸಿದ್ರಿ."

ತಟ್ಟೆಗೆ ಹಾಕುವುದೆಂದರೆ ಫೈಲ್ ಮೆನುವಿನ 'ಎಕ್ಸ್‌ಪೋರ್ಟ್ ಆ್ಯಸ್'. ಶಿಫ್ಟ್, ಕಂಟ್ರೋಲ್, ಇ ಒಟ್ಟಿಗೆ ಒತ್ತಿ ಹೆಸರಿನ ಕೊನೆಗೆ ಜೆಪಿಜಿ ಎಂದು ಬರೆದರೆ ಮುಗಿಯಿತು. "ಆದ್ರೆ ಅಡುಗೆಮನೇನ ಕೆಡವಬ್ಯಾಡ್ರಿ, ಅದನ್ನೂ ಸೇವ್ ಮಾಡಿ ಇಟ್ಕಳ್ರಿ" ಎಂದ. ಆ ಮಾತಿಗೆ ನಾವು ಅಷ್ಟಾಗಿ ಕಿವಿಗೊಡಲಿಲ್ಲ.

ಆಮೇಲೆ ಬಸ್ಸಿಗೆ ಹೊತ್ತಿದ್ದಾಗಲೆಲ್ಲ ಅಲ್ಲಿ ಹೋಗಿ ಕೂರುವುದು ರೂಢಿಯಾಯಿತು. ಕನ್ನಡದ ತೊಂದರೆಯನ್ನು ಬಿಡಿಸಿದ್ದೂ ಅವನೇ. ನುಡಿಯಲ್ಲಿ ಬರೆದಿಟ್ಟ ಶೀರ್ಷಿಕೆಯನ್ನು ಜಿಂಪ್‌ನಲ್ಲಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತಿತ್ತು. ಹಳೆಯ ನುಡಿ ಫಾಂಟುಗಳು ಒಳಗೊಳಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸಿಕೊಂಡಿರುತ್ತವೆ. ಫಾಂಟ್ ಬದಲಾದರೆ ಮುಖವಾಡ ಕಳಚುತ್ತದೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿ ಯುನಿಕೋಡ್ ಫಾಂಟ್ ಆರಿಸಿದರೆ ಒತ್ತಕ್ಷರವೂ ಸರಿಯಾಗಿ ಕೂರುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ 'ಬೆಣ್ಣೆ' ಎಂಬ ಹೆಸರಿನದ್ದೇ ಒಂದು ಕನ್ನಡ ಫಾಂಟ್ ಪುಕ್ಕಟೆ ಸಿಗುತ್ತದೆ. ದಾವಣಗೆರೆಯವರು ಅದನ್ನು ಬಿಟ್ಟು ಬೇರೆ ಹಾಕಿಕೊಳ್ಳುವುದು ಹೇಗೆ!

ಕೇಳುವುದನ್ನೂ ಅವನೇ ಕಲಿಸಿದ. 'ಆಗ್ತಿಲ್ಲ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಿಮ್ಮದು ಯಾವ ಆವೃತ್ತಿ, ಏನು ಒತ್ತಿದಿರಿ, ಪರದೆ ಮೇಲೆ ಏನು ಬಂತು, ಇಷ್ಟು ಹೇಳಬೇಕು. 2025ರ ಮಾರ್ಚ್‌ನಲ್ಲಿ 3.0 ಬಂದ ಮೇಲಂತೂ ಆವೃತ್ತಿ ಹೇಳದೆ ಕೇಳಿದರೆ ಹಳೇ 2.10ರ ಉತ್ತರ ಸಿಕ್ಕಿ ತಲೆ ಕೆಡುತ್ತದೆ. ಮೆನು ಇಂಗ್ಲಿಷಿನಲ್ಲೇ ಇರಲಿ, ಏಕೆಂದರೆ ಕನ್ನಡದಲ್ಲಿ ಪಾಠ ಹೇಳುವವರೂ ಮೆನುವಿನ ಹೆಸರು ಇಂಗ್ಲಿಷಿನಲ್ಲೇ ಹೇಳುತ್ತಾರೆ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಜಿಂಪ್ ಪಾಠಗಳಿವೆ, ದುಡ್ಡಿಲ್ಲ. ಇಳಿಸಿಕೊಳ್ಳುವುದು ಮಾತ್ರ ಜಿಂಪ್‌ನ ಸ್ವಂತ ತಾಣದಿಂದಲೇ ಆಗಲಿ. 2022ರಲ್ಲಿ ಗೂಗಲ್ ಜಾಹೀರಾತಿನಲ್ಲೇ ಜಿಂಪ್ ಹೆಸರಿನ ನಕಲಿ ತಾಣ ಬಂದು ವೈರಸ್ ಹಂಚಿತ್ತು.

ಇನ್ನು ಆ ಸಂಜೆಯ ವಿಷಯ.

ಹರಿಹರ ಕಡೆಯ ಹಳ್ಳಿಯೊಬ್ಬರು ಅಂಗಡಿಗೆ ಬಂದರು. ತಂದೆ ತೀರಿಕೊಂಡಿದ್ದರು. ಹನ್ನೊಂದನೇ ದಿನದ ಕಾರ್ಯಕ್ಕೆ ಫ್ಲೆಕ್ಸ್ ಬೇಕು, ಪತ್ರಿಕೆಗೆ ಶ್ರದ್ಧಾಂಜಲಿ ಬೇಕು. ಜಾಹೀರಾತು ಹಿಡಿಯುವುದೂ ನಮ್ಮ ಕೆಲಸವೇ ಆದ್ದರಿಂದ ಮಾತಾಡಿಸಿದೆವು. ಇದ್ದದ್ದು ಒಂದೇ ಫೋಟೊ, ಅಂಗೈ ಅಗಲದ್ದು, ಯಾರದೋ ಮದುವೆಯ ಗುಂಪುಚಿತ್ರ. ತುದಿಯಲ್ಲಿ ಅವರಪ್ಪ, ಅರ್ಧ ಭುಜ ಇನ್ನೊಬ್ಬರ ಹಿಂದೆ. ಮಡಚಿಟ್ಟು ಮುಖದ ಮೇಲೆಲ್ಲ ಬಿರುಕು. ಹುಡುಗನ ಮುಂದೆ ಜಾತ್ರೆಯ ಫ್ಲೆಕ್ಸ್‌ಗಳ ಸಾಲೇ ಇತ್ತು. "ಅಣ್ಣಾ, ನೀವೇ ಮಾಡ್ರಿ, ನಾನು ನೋಡ್ತಿರ್ತೀನಿ" ಅಂದ.

ಸ್ಕ್ಯಾನ್ ಮಾಡಿದೆವು. ಅವನು ಹೇಳಿದಂತೆ ಮೂಲ ಚಿತ್ರ ಮುಟ್ಟದೆ ಶಿಫ್ಟ್, ಕಂಟ್ರೋಲ್, ಡಿ ಒತ್ತಿ ಅದರ ಮೇಲೊಂದು ಲೇಯರ್ ಮಾಡಿ, ಲೆವೆಲ್ಸ್‌ನಲ್ಲಿ ಮಾಸಿದ್ದನ್ನು ಎತ್ತಿದೆವು. ಅದರ ಮೇಲೆ ಇನ್ನೊಂದು ಲೇಯರ್, ಬಿರುಕು ಮುಚ್ಚಲು. ಹೀಲಿಂಗ್ ಟೂಲ್ ಹಿಡಿದು, ಕಂಟ್ರೋಲ್ ಒತ್ತಿ ಪಕ್ಕದ ಚರ್ಮದ ಮೇಲೆ ಕ್ಲಿಕ್ ಮಾಡಿ, ಬಿರುಕಿನ ಮೇಲೆ ಎಳೆದರೆ ಮಾಯ. (ಸುದ್ದಿ ಫೋಟೊಗೆ ಈ ಟೂಲ್ ಮುಟ್ಟಬಾರದು. 2003ರಲ್ಲಿ ಇರಾಕ್ ಯುದ್ಧದ ಎರಡು ಫೋಟೊ ಸೇರಿಸಿ ಒಂದು ಮಾಡಿದ ಲಾಸ್ ಏಂಜಲೀಸ್ ಟೈಮ್ಸ್‌ನ ಛಾಯಾಗ್ರಾಹಕ ಬ್ರಯಾನ್ ವಾಲ್ಸ್ಕಿ ಕೆಲಸ ಕಳೆದುಕೊಂಡರು.) ಭುಜ ಇರಲಿಲ್ಲವಲ್ಲ, ಅದಕ್ಕೆ ಅಂಗಡಿಯಲ್ಲಿ ಕೋಟುಗಳದ್ದೇ ಫೋಲ್ಡರ್ ಇತ್ತು. ಒಂದು ಕರೀ ಕೋಟು ತಂದು ಕೂರಿಸಿದೆವು. ನಮಗೇ ಹೆಮ್ಮೆಯಾಯಿತು.

ಮಗ ಅದನ್ನು ವಾಟ್ಸ್ಆ್ಯಪ್‌ನಲ್ಲಿ ಮನೆಗೆ ಕಳಿಸಿದರು. ಹತ್ತು ನಿಮಿಷಕ್ಕೆ ಫೋನ್. ಮಾತಾಡಿ ಮುಖ ಸಣ್ಣದು ಮಾಡಿಕೊಂಡರು. "ಅವ್ವ ಒಪ್ತಿಲ್ಲ ಸಾರ್. ಇವ್ರು ಯಾರು ಅಂತಾಳೆ."

ಕೋಟೇ ಕಾರಣ ಎಂದುಕೊಂಡೆವು. ಲೇಯರ್ ಪಟ್ಟಿಯಲ್ಲಿ ಕೋಟಿನ ಮುಂದಿದ್ದ ಕಣ್ಣಿನ ಗುರುತು ಒತ್ತಿ ಮರೆಮಾಡಿದೆವು. ಅದೇ ಬಿಳಿ ಅಂಗಿ ಉಳಿಸಿ, ಕತ್ತಿನ ಕೆಳಗೆ ಕತ್ತರಿಸಿದೆವು. ಮತ್ತೆ ಕಳಿಸಿದರು. ಮತ್ತೆ ಫೋನ್. ಈ ಸಲ ಸ್ಪೀಕರ್ ಹಾಕಿದರು.

"ಯಪ್ಪಾ, ಹುಬ್ಬಿನ ಮ್ಯಾಲಿನ ಗೆರೆ ಎಲ್ಲಿ ಹೋತು?"

ನಾವು ಹುಡುಗನ ಮುಖ ನೋಡಿದೆವು. ಬಿರುಕುಗಳ ಜೊತೆ ಹುಬ್ಬಿನ ಮೇಲೊಂದು ಗೆರೆಯನ್ನೂ ಅಳಿಸಿದ್ದೆವು. ಅದು ಫೋಟೊದ ಬಿರುಕಲ್ಲ, ಗಾಯದ ಗುರುತು.

ಜೆಪಿಜಿ ಒಂದನ್ನೇ ಇಟ್ಟುಕೊಂಡಿದ್ದರೆ ಮೊದಲಿಂದ ಶುರುಮಾಡಬೇಕಿತ್ತು. ಹುಡುಗ ಎದ್ದು ಬಂದು ಹೇಳಿದ: "ಮೇಲಿನ ಲೇಯರ್‌ಗೆ ಮಾಸ್ಕ್ ಹಾಕ್ರಿ. ಬಿಳೀದು. ಈಗ ಬ್ರಷ್ ತಗೊಂಡು ಅಷ್ಟೇ ಜಾಗಕ್ಕೆ ಕಪ್ಪು ಬಳೀರಿ." ಬಳಿದೆವು. ಕೆಳಗಿನ ಲೇಯರ್‌ನಿಂದ ಗೆರೆ ನಿಧಾನವಾಗಿ ಮೇಲೆ ಬಂತು. ಎಲ್ಲಿ ಗಾಯ ಮುಗಿದು ಎಲ್ಲಿ ಬಿರುಕು ಶುರುವಾಗುತ್ತದೆ ಎಂದು ನಮಗೆ ತಿಳಿಯಲಿಲ್ಲ. ಅವ್ವನನ್ನೇ ಕೇಳಿದೆವು. "ಹುಬ್ಬಿನ ಅರ್ಧಕ್ಕೆ ಶುರುವಾಗಿ ಕಿವಿ ಕಡೆ ಹೊಳ್ಳಿತ್ತು, ಕಡ್ಲೆಕಾಳಿನಷ್ಟು" ಅಂದರು. ಅಷ್ಟಕ್ಕೇ ನಿಲ್ಲಿಸಿದೆವು.

ಮೂರನೇ ಸಲ ಕಳಿಸಿದಾಗ ಬಹಳ ಹೊತ್ತು ಫೋನ್ ಬರಲಿಲ್ಲ. ಬಂದಾಗ ಅವ್ವ ಫೋಟೊದ ವಿಷಯ ಮಾತಾಡಲಿಲ್ಲ. ಮದುವೆಯಾದ ಹೊಸದರಲ್ಲಿ ಎತ್ತು ಕೊಂಬು ಬೀಸಿದ್ದು, ತಾವು ಸೀರೆ ಸೆರಗು ಹರಿದು ಕಟ್ಟಿದ್ದು, ಅದನ್ನು ಹೇಳಿದರು.

ನಿಮ್ಮ ಮನೆಯಲ್ಲೂ ಇಂಥ ಫೋಟೊ ಇದ್ದರೆ ಬೆಳಕಿರುವ ನೆರಳಿನಲ್ಲಿಟ್ಟು, ಫ್ಲಾಶ್ ಇಲ್ಲದೆ, ನೇರ ಮೇಲಿಂದ ತೆಗೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ, 'ಡಾಕ್ಯುಮೆಂಟ್' ಎಂದು ಕಳಿಸಿ. ತಿದ್ದುವ ಅಂಗಡಿಯವರ ಪಕ್ಕ ಮನೆಯ ಹಿರಿಯರೊಬ್ಬರನ್ನು ಕೂರಿಸಿ.

ಹುಡುಗ ಫ್ಲೆಕ್ಸಿನ ದುಡ್ಡು ಮಾತ್ರ ತೆಗೆದುಕೊಂಡ. ಮಗ ಫೈಲೂ ಬೇಕೆಂದರು. ಪೆನ್‌ಡ್ರೈವ್‌ಗೆ ಜೆಪಿಜಿ ಹಾಕಿ, ಎಕ್ಸ್‌ಸಿಎಫ್ ಕೂಡ ಹಾಕಿಕೊಟ್ಟೆವು, ಇದು ಫೋನಿನಲ್ಲಿ ತೆರೆಯಲ್ಲ ಎಂದು ಹೇಳಿ. ಆ ಕರೀ ಕೋಟು ಇನ್ನೂ ಅದರೊಳಗೇ ಇದೆ, ಕಣ್ಣು ಮುಚ್ಚಿಕೊಂಡು.