ಐಸಿನಲ್ಲಿಟ್ಟ ಕಿಡ್ನಿ

ಸುಮಾರು ದಿನ ಆಗಿತ್ತು ಇಲ್ಲಿ ಏನನ್ನಾದರೂ ಬರೆದು. ಮಾವನ ಆಪರೇಷನ್ನು, ಸಾಗರ-ಮಂಗಳೂರು ಓಡಾಟ ಅಂತ ಎರಡು ತಿಂಗಳು ಹೋದದ್ದೇ ಗೊತ್ತಾಗಲಿಲ್ಲ. ಈಗ ಎಲ್ಲ ಒಂದು ಹದಕ್ಕೆ ಬಂದಿದೆ. ಆ ಓಡಾಟದಲ್ಲಿ ತಿಳಿದುಕೊಂಡ ಒಂದು ವಿಷಯ ತಲೆಯಲ್ಲೇ ಕೂತುಬಿಟ್ಟಿದೆ, ಇಲ್ಲಿ ಇಳಿಸಿಬಿಡ್ತೀನಿ.

ಮಾವ ಅಂದರೆ ಅಮ್ಮನ ತಮ್ಮ. ಅಡಿಕೆ ತೋಟ, ನಾಲ್ಕು ದನ, ಬಾಯಿತುಂಬ ಕವಳ. ಅರವತ್ತೊಂದು ವರ್ಷ ಆಸ್ಪತ್ರೆ ಮೆಟ್ಟಿಲು ಹತ್ತಿದವನಲ್ಲ. ಹೊಟ್ಟೆನೋವು ಅಂತ ಸ್ಕ್ಯಾನ್ ಮಾಡಿಸಿದರೆ ಎರಡು ಸುದ್ದಿ ಒಟ್ಟಿಗೇ ಬಂತು. ಒಂದು, ಬಲಗಡೆ ಕಿಡ್ನಿಯಲ್ಲಿ ನಾಲ್ಕು ಸೆಂಟಿಮೀಟರಿನ ಗಡ್ಡೆ. ಇನ್ನೊಂದು, ಎಡಗಡೆ ಕಿಡ್ನಿ ಇಲ್ಲವೇ ಇಲ್ಲ! ಹುಟ್ಟಿದಾಗಿನಿಂದ ಇರುವುದೇ ಒಂದು.

ಎರಡೂ ಚೆನ್ನಾಗಿರುವವರಿಗಾದರೆ ಗಡ್ಡೆ ಬಂದ ಕಿಡ್ನಿಯನ್ನ ಪೂರ್ತಿ ತೆಗೆದರೂ ಇನ್ನೊಂದರಲ್ಲಿ ನಡೆಯುತ್ತೆ. ಮಾವನಿಗೆ ಪೂರ್ತಿ ತೆಗೆದರೆ ಡಯಾಲಿಸಿಸ್ಸೇ ಗತಿ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಅವನ ಮನೆಯಿಂದ ಬಸ್ಸು ಬರುವ ರಸ್ತೆಗೇ ಎರಡು ಮೈಲಿ ನಡೆಯಬೇಕು, ಮಳೆಗಾಲದಲ್ಲಂತೂ ಕೇಳೋದೇ ಬೇಡ. ಅತ್ತೆ ಆ ಲೆಕ್ಕ ಹಾಕಿಯೇ ಅರ್ಧ ಇಳಿದುಹೋಗಿದ್ದಳು. ಹಾಗಾಗಿ ಗಡ್ಡೆಯಷ್ಟನ್ನೇ ಕುಯ್ದು ತೆಗೆದು, ಉಳಿದ ಕಿಡ್ನಿಯನ್ನ ಉಳಿಸಿಕೊಳ್ಳಬೇಕಿತ್ತು.

ಡಾಕ್ಟರು ಪಾಪ, ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಹೃದಯ ತಳ್ಳುವ ರಕ್ತದಲ್ಲಿ ಸುಮಾರು ಐದರಲ್ಲೊಂದು ಪಾಲು ಹೋಗೋದು ಕಿಡ್ನಿಗೇ. ಹಾಗೇ ಕುಯ್ಯಲು ಹೋದರೆ ರಕ್ತದಲ್ಲಿ ಗಡ್ಡೆಯ ಅಂಚೇ ಕಾಣೋದಿಲ್ಲ. ಅದಕ್ಕೇ ರಕ್ತನಾಳಕ್ಕೊಂದು ಕ್ಲಿಪ್ಪು ಹಾಕಿ ಹರಿವು ನಿಲ್ಲಿಸ್ತಾರೆ. ಆದರೆ ಕಿಡ್ನಿಗೆ ಸುಮ್ಮನಿರೋ ಅಭ್ಯಾಸ ಇಲ್ಲ ನೋಡಿ! ದಿನಕ್ಕೆ 180 ಲೀಟರಿನಷ್ಟು ಸೋಸಿ, ಅದರಲ್ಲಿ ಒಂದೂವರೆ ಲೀಟರ್ ಬಿಟ್ಟು ಉಳಿದದ್ದನ್ನೆಲ್ಲ ವಾಪಸ್ ರಕ್ತಕ್ಕೆ ಎಳೆದುಕೊಳ್ಳುವ ಯಂತ್ರ ಅದು. ಆ ಎಳೆದುಕೊಳ್ಳುವ ಕೆಲಸಕ್ಕೇ ಹೆಚ್ಚು ಆಮ್ಲಜನಕ ಬೇಕು. ಕ್ಲಿಪ್ಪು ಬಿದ್ದ ಮೇಲೂ ಜೀವಕೋಶಗಳ ಹಸಿವು ನಿಲ್ಲಲ್ಲ. ಇದ್ದ ದಾಸ್ತಾನು ಕೆಲವೇ ನಿಮಿಷದಲ್ಲಿ ಖಾಲಿ, ಆಮೇಲೆ ಊದಿಕೊಂಡು ಸಾಯೋಕೆ ಶುರು. ಮೈಯ ಬಿಸಿಯಲ್ಲೇ ಇದ್ದರೆ 20-25 ನಿಮಿಷದೊಳಗೆ ಕೆಲಸ ಮುಗಿಸಿ ಕ್ಲಿಪ್ಪು ತೆಗೆಯೋಕೆ ನೋಡ್ತಾರೆ, ಅರ್ಧ ಗಂಟೆ ದಾಟಿದರೆ ಅಪಾಯ ಜಾಸ್ತಿ. ಮಾವನ ಗಡ್ಡೆಯೋ ಒಳಗೆ, ದೊಡ್ಡ ರಕ್ತನಾಳಗಳ ಪಕ್ಕದಲ್ಲೇ ಕೂತಿತ್ತು.

"ಇದು ಇಪ್ಪತ್ತು ನಿಮಿಷದ ಕೆಲಸ ಅಲ್ಲ. ಹೊಟ್ಟೆ ತೆರೆದು, ಐಸ್ ಹಾಕಿ ಮಾಡ್ತೀವಿ" ಅಂದರು.

ಹೊರಗೆ ಬಂದಮೇಲೆ ಮಾವ, "ಮಾಣಿ, ಪೇಟೇಲಿ ಮೀನು ಇಡ್ತಾರಲ್ಲ, ಹಂಗೆ ಇಡ್ತಾರಂತಲ್ಲೋ ನನ್ನ ಕಿಡ್ನೀನ!" ಅಂದ. (ಮೀನಿನಂಗಡಿ ಇರುವ ಬೀದಿಯಲ್ಲಿ ಮೂಗು ಮುಚ್ಚಿಕೊಂಡು ನಡೆಯುವ ಆಸಾಮಿ ಇವನು.) ನನಗೆ ನೆನಪಾಗಿದ್ದು ಮಾತ್ರ ಒದ್ದೆ ಬಾಳೆಎಲೆಯಲ್ಲಿ ಸುತ್ತಿಡುವ ಮಲ್ಲಿಗೆ ಮೊಗ್ಗು. ತಂಪಲ್ಲಿಟ್ಟರೆ ಅರಳೋದು ಮರೆತು ಸುಮ್ಮನಿರುತ್ತಲ್ಲ, ಹಾಗೆ. ಹತ್ತು ಡಿಗ್ರಿ ತಂಪಾದರೆ ಜೀವಕೋಶದ ಹಸಿವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತಂತೆ.

ಮಾಡುವ ರೀತಿ ಕೇಳಿ. ಸ್ಟೆರೈಲ್ ಸಲೈನನ್ನ ಹೆಪ್ಪುಗಟ್ಟಿಸಿ, ಪುಡಿ ಮಾಡಿ, ಬರ್ಫದ ಗೋಲಾದಂಥ ಐಸ್ ಮಾಡಿಟ್ಟುಕೊಂಡಿರ್ತಾರೆ. ಕಿಡ್ನಿಯ ಸುತ್ತ ಪ್ಲಾಸ್ಟಿಕ್ ಹಾಳೆ ಹಾಸಿ, ಮೊದಲು ಕ್ಲಿಪ್ಪು ಹಾಕಿ, ಆಮೇಲೆ ಐಸ್ ಮುಚ್ಚೋದು. ಬಿಸಿ ರಕ್ತ ಬರ್ತಾನೇ ಇದ್ದರೆ ಐಸ್ ಎಷ್ಟು ಹಾಕಿದರೂ ಒಳಗೆ ತಣ್ಣಗಾಗಲ್ಲವಲ್ಲ! ನನ್ನನ್ನ ದಂಗುಬಡಿಸಿದ್ದು ಇದರ ಮುಂದಿನ ಹೆಜ್ಜೆ. ಐಸ್ ಮುಚ್ಚಿ ಹತ್ತು ನಿಮಿಷ ಕಾಯ್ತಾರೆ. ರಕ್ತ ನಿಂತಿದೆ, ಗಡಿಯಾರ ಓಡ್ತಿದೆ, ಎಲ್ಲರೂ ಕೈಕಟ್ಟಿ ನಿಂತಿದ್ದಾರೆ! ಕಿಡ್ನಿಯ ಒಳಗಿನ ತಾಪ 20 ಡಿಗ್ರಿ ಹತ್ತಿರ ಇಳಿಯಲಿ ಅಂತ. ಹೀಗೆ ಕಳೆದ ಹತ್ತು ನಿಮಿಷಕ್ಕೆ ಬದಲಾಗಿ ಒಂದು ಗಂಟೆಗಿಂತ ಹೆಚ್ಚು ಕಾಲ ಸಿಗುತ್ತೆ. ಅಲ್ಲಿ ಒಳಗೆ ಐಸ್, ಇಲ್ಲಿ ಮೈ ತಣ್ಣಗಾಗಬಾರದು ಅಂತ ಮೇಲೆ ಬಿಸಿಗಾಳಿ ಊದುವ ಹೊದಿಕೆ.

ಉಪಾಯ ಹಳೆಯದೇ. 1969ರಲ್ಲಿ ಕಾಲಿನ್ಸ್ ಮತ್ತು ಸಂಗಡಿಗರು ನಾಯಿಯ ಕಿಡ್ನಿಯೊಳಗೆ ಒಂದು ತಣ್ಣನೆಯ ದ್ರಾವಣ ಹರಿಸಿ, ಐಸಿನಲ್ಲಿ 30 ಗಂಟೆ ಇಟ್ಟು, ಮತ್ತೆ ಜೋಡಿಸಿ ಕೆಲಸ ಮಾಡಿಸಿದ್ದರು. ಬೆಂಗಳೂರಲ್ಲಿ ಟ್ರಾಫಿಕ್ ನಿಲ್ಲಿಸಿ ಆಂಬುಲೆನ್ಸಿನಲ್ಲಿ ಅಂಗ ಸಾಗಿಸ್ತಾರಲ್ಲ, ಆ ಪೆಟ್ಟಿಗೆಯೊಳಗೂ ಇದೇ ತಂಪು.

ಆಪರೇಷನ್ ದಿನ ಅತ್ತೆ, ನಾನು ಹೊರಗೆ ಕೂತಿದ್ದೆವು. ಅತ್ತೆ ಮಾತಾಡಲಿಲ್ಲ, ನಾನೂ ಆಡಿಸಲಿಲ್ಲ. ಸಂಜೆ ಡಾಕ್ಟರು ಬಂದು, "ಕ್ಲಿಪ್ ಇದ್ದದ್ದು 41 ನಿಮಿಷ. ಗಡ್ಡೆ ಪೂರ್ತಿ ಬಂತು" ಅಂದರು. ಆದರೂ ಮಾವನ ಕ್ರಿಯಾಟಿನಿನ್ ಮೊದಲು 1.2 ಇದ್ದದ್ದು ಮೂರನೇ ದಿನ 2.6ಕ್ಕೆ ಹೋಯ್ತು. ಆ ರಾತ್ರಿ ಮೂತ್ರದ ಚೀಲ ನೋಡಿಕೊಂಡೇ ಬೆಳಗು ಮಾಡಿದೆವು. ಆಮೇಲೆ ನಿಧಾನಕ್ಕೆ ಇಳೀತಾ ಬಂದು, ಈಗ 1.7ಕ್ಕೆ ನಿಂತಿದೆ. 1.2ಕ್ಕೆ ವಾಪಸ್ ಹೋಗಲ್ಲ ಅಂದಿದ್ದಾರೆ. ಐಸು ಕಾಲವನ್ನ ಕೊಡುತ್ತೆ, ಗಡ್ಡೆ ಜೊತೆ ಕುಯ್ದುಹೋದ ಭಾಗವನ್ನ ಕೊಡಲ್ಲ. ಎಷ್ಟು ಒಳ್ಳೆಯ ಭಾಗ ಉಳೀತು ಅನ್ನೋದೇ ಕೊನೆಗೆ ಹೆಚ್ಚು ಲೆಕ್ಕಕ್ಕೆ ಬರೋದಂತೆ.

ಡಯಾಲಿಸಿಸ್ ಬೇಕಾಗಲಿಲ್ಲ. ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗೋದು ಪೂರ್ತಿ ಬಂದ್. ಉಪ್ಪಿನಕಾಯಿ ಜಾಡಿ ಅತ್ತೆ ಎಲ್ಲೋ ಅಡಗಿಸಿಟ್ಟಿದ್ದಾಳೆ, ಅದರ ಬಗ್ಗೆ ಮಾತ್ರ ಮನೆಯಲ್ಲಿ ದಿನಾ ಜಗಳ. ಮುಂದಿನ ಸ್ಕ್ಯಾನ್ ದೀಪಾವಳಿ ಕಳೆದ ಮೇಲೆ.