ಕಿವಿಯ ಹಿಂದಿನ ರಕ್ತನಾಳ

ವ್ಯಾಪಾರಸ್ಥರ ಮನೆಗಳಲ್ಲಿ ಕಿವಿ ಸೋರುವುದನ್ನು ದೊಡ್ಡ ಕಾಯಿಲೆಯೆಂದು ಯಾರೂ ಎಣಿಸುವುದಿಲ್ಲ. ಒಂದಿಷ್ಟು ಹತ್ತಿ ತುರುಕಿಕೊಂಡು ಅಂಗಡಿಯ ಬಾಗಿಲು ತೆರೆದರೆ ಎಲ್ಲ ಮರೆತುಹೋಗುತ್ತದೆ. ಹೊಸೂರಿನಲ್ಲಿ ನಮ್ಮ ಜವಳಿ ಅಂಗಡಿ ನೋಡಿಕೊಳ್ಳುವ ನನ್ನ ತಮ್ಮನಿಗೂ ಚಿಕ್ಕಂದಿನಿಂದ ಬಲಗಿವಿ ಸೋರುತ್ತಿತ್ತು. ಗಿರಾಕಿಗಳ ಮಾತು ಕೇಳಿಸದಂತಾದಾಗ ಬೆಂಗಳೂರಿಗೆ ಕರೆದೊಯ್ದೆವು. ಕಿವಿಯ ತಮಟೆ ತೂತಾಗಿದೆ, ಹಿಂದಿನ ಎಲುಬಿಗೂ ಸೋಂಕು ತಗುಲಿದೆ, ಆಪರೇಷನ್ ಆಗಬೇಕು, ಅದಕ್ಕೆ ಮೊದಲು ಸಿ.ಟಿ. ಸ್ಕ್ಯಾನ್ ಬೇಕು ಎಂದರು.

"ಕಿವಿಯ ಆಪರೇಷನ್ನಿಗೆ ಇಷ್ಟು ಖರ್ಚಿನ ಸ್ಕ್ಯಾನ್ ಏಕೆ?" ಎಂದು ನಮ್ಮ ತಂದೆಯವರು ಕೇಳಿಯೇಬಿಟ್ಟರು.

ವೈದ್ಯರು ಬೇಸರಪಡದೆ ತಿಳಿಸಿದರು. ಕಿವಿಯ ಹಿಂದಿನ ಉಬ್ಬೆಲುಬಿನ ಒಳಮಗ್ಗುಲಲ್ಲಿ ಮಿದುಳಿನಿಂದ ರಕ್ತ ಇಳಿಯುವ ದೊಡ್ಡ ಕಾಲುವೆಯಿದೆ. ಕೆರೆಯ ತೂಬಿನಂತೆ, ಎಲುಬಿನ ರಂಧ್ರದಲ್ಲಿ ಹಾದುಬರುವ ಸಣ್ಣ ಅಭಿಧಮನಿಯೊಂದು ಅದನ್ನು ಚರ್ಮದಡಿಯ ರಕ್ತನಾಳಕ್ಕೆ ಜೋಡಿಸುತ್ತದೆ. ಕೆಲವರಲ್ಲಿ ಇದು ಇರುವುದೇ ಇಲ್ಲ, ಕೆಲವರಲ್ಲಿ ಎರಡು ಮೂರಿರುತ್ತವೆ. ಒಬ್ಬರದೇ ಎಡ ಬಲ ಕಿವಿಗಳಲ್ಲೂ ವ್ಯತ್ಯಾಸವುಂಟು. ದಪ್ಪವಾಗಿದ್ದು, ತಿಳಿಯದೆ ಕತ್ತರಿಸಿದರೆ ರಕ್ತ ಧಾರಾಳವಾಗಿ ಹರಿಯುತ್ತದೆ. ಮತ್ತೆ ಕೆಲವರಲ್ಲಿ ಕುತ್ತಿಗೆಗೆ ಇಳಿಯುವ ಅಭಿಧಮನಿಯ ಉಬ್ಬು ನಡುಗಿವಿಯವರೆಗೂ ಏರಿ ಕುಳಿತಿರುತ್ತದೆ. ಅದರ ಮೇಲೆ ಎಲುಬಿನ ಹೊದಿಕೆ ಇಲ್ಲದಿದ್ದರೆ ತಮಟೆಯ ಬಳಿ ಕೈಯಾಡಿಸುವುದೂ ಅಪಾಯ.

ತಮ್ಮನ ಸ್ಕ್ಯಾನಿನಲ್ಲಿ ಎಲುಬಿನ ರಂಧ್ರ ದೊಡ್ಡದಾಗಿಯೇ ಕಂಡಿತು. ಎಲ್ಲಿ ಜಾಗ್ರತೆ ಬೇಕೆಂದು ಮೊದಲೇ ತಿಳಿದಿದ್ದರಿಂದ ವೈದ್ಯರು ಆ ನಾಳವನ್ನು ಬಿಡಿಸಿ, ಕಟ್ಟಿ, ಮುಂದುವರಿದರು. ತಂದೆಯವರು ಆಮೇಲೆ ಖರ್ಚಿನ ಮಾತೆತ್ತಲಿಲ್ಲ. ತಮ್ಮ ಈಗ ಗಲ್ಲಾದಲ್ಲಿ ಕುಳಿತೇ ಬಾಗಿಲಲ್ಲಿ ನಿಂತವರೊಡನೆ ದರ ಮಾತಾಡುತ್ತಾನೆ.

ಈ ಎಚ್ಚರ ನಮ್ಮ ಹಿರಿಯರಿಗೆ ಹೊಸದಲ್ಲ. ಮಕ್ಕಳ ಕಿವಿ ಚುಚ್ಚುವಾಗ ಬಿಸಿಲು ಹಾಯುವ ತೆಳುವಾದ ಜಾಗವನ್ನೇ ಆರಿಸಬೇಕೆಂದು ಸುಶ್ರುತಸಂಹಿತೆ ಹೇಳುತ್ತದೆ. ಅರಿಯದವನು ಚುಚ್ಚಿದರೆ ಪೆಟ್ಟಾಗುವ ಕಾಲಿಕಾ, ಮರ್ಮರಿಕಾ, ಲೋಹಿತಿಕಾ ಎಂಬ ಮೂರು ಸಿರೆಗಳನ್ನು ಹೆಸರಿಸಿಯೇ ಎಚ್ಚರಿಸುತ್ತದೆ.

ಹೊಸೂರು, ಕೃಷ್ಣಗಿರಿ ಕಡೆಯ ನಮ್ಮ ಬಂಧುಗಳಲ್ಲಿ ಒಂದು ವಿನಂತಿ. ಸೋರುವ ಕಿವಿಗೆ ಎಣ್ಣೆ ಬಿಡಬೇಡಿ, ಬೆಂಕಿಕಡ್ಡಿ ಹಾಕಬೇಡಿ. ಸೋರುವಿಕೆಯ ಜೊತೆಗೆ ಜ್ವರ, ತಲೆನೋವು, ಕಿವಿಯ ಹಿಂದೆ ಊತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಮನೆಯ ಹಿರಿಯರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಆಪರೇಷನ್ನಿಗೆ ಮುಂಚೆ ತಪ್ಪದೆ ತಿಳಿಸಿ.