ಅಂಕಿಯೇ ಹೆಸರಾದ ಊರು

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕನ್ನು ಮೊದಲ ಸಲ ಹೊಕ್ಕ ಪ್ರಯಾಣಿಕನ ಕಣ್ಣಿಗೆ ಬೀಳುವುದು ಹಸಿರು. ಬಿಸಿಲಿಗೆ ಹೆಸರಾದ ನಾಡಿನಲ್ಲಿ ಇಷ್ಟೊಂದು ಬತ್ತದ ಗದ್ದೆಯೇ ಎಂದು ಅವನು ಬೆರಗಾಗುವನು. ಇದು ತುಂಗಭದ್ರೆಯ ಎಡದಂಡೆ ಕಾಲುವೆಯ ವರ. 1953ರಲ್ಲಿ ಅಣೆಕಟ್ಟು ನೀರು ಕೊಡತೊಡಗಿದ ಮೇಲೆ ಆಂಧ್ರದ ಕಡೆಯ ರೈತರು ಇತ್ತ ಬಂದು, ಗದ್ದೆಗಳ ನಡುವೆ ಬೀಡುಬಿಟ್ಟರು. ಆ ಬೀಡುಗಳೆಲ್ಲ ‘ಕ್ಯಾಂಪು’ಗಳಾದವು, ತಲೆಮಾರುಗಳು ಕಳೆದರೂ ಊರಿನ ಹೆಸರಿಗೆ ಅಂಟಿದ ಆ ಮಾತು ಬಿಟ್ಟುಹೋಗಲಿಲ್ಲ.

ಆದರೆ ಆರ್.ಎಚ್. ಕ್ಯಾಂಪಿನ ಕಥೆಯೇ ಬೇರೆ. ಆ ಎರಡು ಅಕ್ಷರಗಳ ಹಿಂದಿರುವ ಅರ್ಥ ಪುನರ್ವಸತಿ. ಪೂರ್ವ ಪಾಕಿಸ್ತಾನದಲ್ಲಿ ಮನೆಮಠ ಕಳೆದುಕೊಂಡು ಬಂದ ಬಂಗಾಳಿ ಕುಟುಂಬಗಳಿಗೆ 1970ರ ದಶಕದ ಆರಂಭದಲ್ಲಿ ಸರ್ಕಾರ ಇಲ್ಲಿ ನೆಲೆ ಕಲ್ಪಿಸಿತು. ಈ ಶಿಬಿರಗಳನ್ನು ಒಂದನೆಯದು, ಎರಡನೆಯದು ಎಂದು ಅಂಕಿಯಿಂದಲೇ ಗುರುತಿಸುವರು. ಮನೆಯೊಳಗೆ ಬಂಗಾಳಿ, ಸಂತೆಯಲ್ಲಿ ಕನ್ನಡ. ನವರಾತ್ರಿ ಬಂದಿತೆಂದರೆ ದುರ್ಗಾಪೂಜೆಯ ಸಡಗರ. ಗಂಗೆಯ ಮುಖಜಭೂಮಿಯಿಂದ ಹೊರಟ ಬಾಳು ತುಂಗಭದ್ರೆಯ ಬಯಲಿನಲ್ಲಿ ಹೀಗೆ ಬೇರೂರಿದೆ.

ಅಂಕಿಯ ಹೆಸರು ಹೊತ್ತ ಈ ಊರು ನಾಡಿನ ಅಂಕಿ-ಅಂಶಗಳಲ್ಲಿ ಎಲ್ಲಿದೆ?

ಕರ್ನಾಟಕದ ಯಾವ ಭಾಗ ಎಷ್ಟು ಹಿಂದುಳಿದಿದೆ ಎಂಬುದನ್ನು ಮಾತಿನಲ್ಲಿ ಹೇಳದೆ ಲೆಕ್ಕದಲ್ಲಿ ತೋರಿಸಿದ ಕೀರ್ತಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಗೆ ಸಲ್ಲಬೇಕು. 2002ರಲ್ಲಿ ವರದಿ ಒಪ್ಪಿಸಿದ ಆ ಸಮಿತಿ ಬೇಸಾಯ, ಕೈಗಾರಿಕೆ, ರಸ್ತೆ, ಶಾಲೆ, ಆಸ್ಪತ್ರೆ ಮುಂತಾದವಕ್ಕೆ ಸಂಬಂಧಿಸಿದ 35 ಸೂಚಕಗಳನ್ನು ಹಿಡಿದು 175 ತಾಲ್ಲೂಕುಗಳನ್ನು ತೂಗಿತು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡರೆ 114 ತಾಲ್ಲೂಕುಗಳು ಅದಕ್ಕಿಂತ ಕೆಳಗೆ ನಿಂತವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ ಪಟ್ಟಿಯಲ್ಲಿ ಸಿಂಧನೂರೂ ಉಂಟು, ಲಿಂಗಸುಗೂರೂ ಉಂಟು!

ಒಂದರಲ್ಲಿ ಕಾಲುವೆಯ ನೀರು, ಇನ್ನೊಂದರಲ್ಲಿ ಹಟ್ಟಿಯ ಚಿನ್ನದ ಗಣಿ. ಅನ್ನವೂ ಹೊನ್ನೂ ಇದ್ದ ನೆಲ ಹಿಂದುಳಿದದ್ದು ಹೇಗೆ? ಗದ್ದೆಯ ಫಸಲು ಒಂದು ಸೂಚಕವಾದರೆ, ಹೆಣ್ಣುಮಗಳ ಓದು ಇನ್ನೊಂದು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸ್ತ್ರೀಯರಲ್ಲಿ ಅಕ್ಷರ ಬಲ್ಲವರು ಶೇಕಡಾ 49ರಷ್ಟೂ ಇರಲಿಲ್ಲ. ಹಸಿರನ್ನು ಕಂಡು ಮರುಳಾದ ಪ್ರಯಾಣಿಕನಿಗೆ ಕಾಣದಿದ್ದುದನ್ನು ಲೆಕ್ಕ ತೋರಿಸಿಕೊಟ್ಟಿತು. ಇಂಥ ಹಿಂದುಳಿದಿರುವಿಕೆಯ ಮನವರಿಕೆಯೇ ಮುಂದೆ ಸಂವಿಧಾನದ 371ಜೆ ವಿಧಿಗೂ, 2013ರಲ್ಲಿ ಈ ಪ್ರದೇಶಕ್ಕೆಂದೇ ಹುಟ್ಟಿದ ಅಭಿವೃದ್ಧಿ ಮಂಡಳಿಗೂ ದಾರಿಯಾಯಿತು.

ಆದರೂ ಲೆಕ್ಕಕ್ಕೂ ಒಂದು ಕುರುಡು ಉಂಟು. ನಂಜುಂಡಪ್ಪನವರ ಕಾಲಕ್ಕೆ ಮಸ್ಕಿ ತಾಲ್ಲೂಕೇ ಆಗಿರಲಿಲ್ಲ; ಅದರ ಸುಖದುಃಖಗಳು ನೆರೆಯ ತಾಲ್ಲೂಕಿನ ಸರಾಸರಿಯಲ್ಲಿ ಕರಗಿಹೋಗಿದ್ದವು. ತಾಲ್ಲೂಕಿನ ಗತಿಯೇ ಹೀಗಾದರೆ ಒಂದು ಶಿಬಿರದ ಪಾಡೇನು?

ಆರ್.ಎಚ್. ಕ್ಯಾಂಪಿನ ಬಹು ಕುಟುಂಬಗಳು ನಮಶೂದ್ರ ಸಮುದಾಯದವು. ಪಶ್ಚಿಮ ಬಂಗಾಳದಲ್ಲಿ ಆ ಸಮುದಾಯ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಪಟ್ಟಿ ರಾಜ್ಯ ರಾಜ್ಯಕ್ಕೂ ಬೇರೆಯಾದುದರಿಂದ ಕರ್ನಾಟಕದ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಹೀಗಾಗಿ ಅದೇ ಕುಲದ ಹುಡುಗ ಅಲ್ಲಿ ಪಡೆಯುವ ವಿದ್ಯಾರ್ಥಿವೇತನ, ಇಲ್ಲಿ ಗದ್ದೆಯ ಕೆಲಸ ಮುಗಿಸಿ ಶಾಲೆಗೆ ಓಡುವ ಹುಡುಗನಿಗೆ ದೊರೆಯದು. ಪೌರತ್ವದ ಕಾಗದವೂ ಎಲ್ಲರಿಗೂ ಒಮ್ಮೆಲೇ ಸಿಕ್ಕಿದ್ದಲ್ಲ. 2019ರ ತಿದ್ದುಪಡಿ ಕಾಯಿದೆಯಡಿ 2024ರಲ್ಲಿ ಕೆಲವರ ಕೈಗೆ ಅದು ಬಂದಿತು. ಅರ್ಧ ಶತಮಾನದ ಬಾಳು ಒಂದು ಕಾಗದಕ್ಕಾಗಿ ಕಾದಿತ್ತು!

ಈ ತೊಡಕು ಇಲ್ಲಿಯದು ಮಾತ್ರವಲ್ಲ. ಆಫ್ರಿಕದ ಘಾನಾ ದೇಶದಲ್ಲಿ 2010ರ ನವೆಂಬರಿನಲ್ಲಿ ರಾಷ್ಟ್ರೀಯ ಉತ್ಪನ್ನವನ್ನು ಎಣಿಸುವ ಹಳೆಯ ಆಧಾರವರ್ಷವನ್ನು ಬದಲಿಸಿದರು. ಬೆಳಗಾಗುವಷ್ಟರಲ್ಲಿ ದೇಶದ ಆದಾಯ ಕಾಗದದ ಮೇಲೆ ಶೇಕಡಾ 60ಕ್ಕೂ ಮಿಕ್ಕಿ ಏರಿತ್ತು; ಆದರೆ ಯಾವ ತಾಯಿಯ ಅಡುಗೆಯ ಮಡಕೆಯೂ ಆ ರಾತ್ರಿ ಹೆಚ್ಚು ತುಂಬಲಿಲ್ಲ. ಅದೇ ಖಂಡದಲ್ಲಿ 1999ರಿಂದ ‘ಆಫ್ರೋಬ್ಯಾರೋಮೀಟರ್’ ಎಂಬ ಸಂಸ್ಥೆ ಇನ್ನೊಂದು ಬಗೆಯಲ್ಲಿ ಲೆಕ್ಕ ಹಿಡಿಯುತ್ತಿದೆ. ಅದರ ಕಾರ್ಯಕರ್ತರು ಮನೆಮನೆಗೆ ಹೋಗಿ, ಕಳೆದ ವರ್ಷ ಎಷ್ಟು ಸಲ ಊಟವಿಲ್ಲದೆ, ಶುದ್ಧ ನೀರಿಲ್ಲದೆ, ಔಷಧವಿಲ್ಲದೆ ಇದ್ದಿರಿ ಎಂದು ಕೇಳುವರು. ಸರಾಸರಿ ಮುಚ್ಚಿಟ್ಟುದನ್ನು ಹೊಸ್ತಿಲ ಬಳಿ ಕೇಳಿದ ಪ್ರಶ್ನೆ ಹೊರಗೆಡಹುವುದು. ಆರ್.ಎಚ್. ಕ್ಯಾಂಪಿಗೆ ಬೇಕಾದುದೂ ಅಂಥ ಎಣಿಕೆಯೇ.

ಸಿಂಧನೂರಿನಿಂದ ಮಸ್ಕಿ ದೂರವಲ್ಲ. ಅಲ್ಲಿನ ಬೆಟ್ಟದ ಬಂಡೆಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರು ಒಂದು ಶಾಸನ ಕಂಡರು. ಬಿರುದುಗಳಿಂದಷ್ಟೇ ಶಾಸನಗಳಲ್ಲಿ ಪರಿಚಿತನಾಗಿದ್ದ ಮಹಾರಾಜನ ಸ್ವಂತ ಹೆಸರು ಅಶೋಕ ಎಂಬುದು ಆ ಬಂಡೆಯಲ್ಲಿ ಸ್ಪಷ್ಟವಾಗಿ ಕೊರೆದಿತ್ತು. ಸಾಮ್ರಾಟನಿಗೆ ಹೆಸರು ಮರಳಿಸಿದ ಸೀಮೆಯಿದು. ಅಂಕಿಯ ಹೆಸರಿನ ಊರಿನಲ್ಲಿ ಬಾಳುತ್ತಿರುವ ಮಕ್ಕಳ ಹೆಸರೂ ಸರಿಯಾದ ಪಟ್ಟಿಯಲ್ಲಿ ಮೂಡುವ ದಿನವನ್ನು ಈ ಸೀಮೆ ಇನ್ನೂ ಕಾಯುತ್ತಿದೆ.